ಕಾಯಕದಲ್ಲಿ ಲೆಕ್ಕದ ಸ್ಥಾನ

ಪರಮಾರ್ಥಕ್ಕೂ ಲೆಕ್ಕಪತ್ರಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ಭಕ್ತಿಯು ಹೃದಯದ ಮಾತು, ಲೆಕ್ಕವು ಪೇಟೆಯ ಮಾತು. ಇವೆರಡನ್ನು ಒಂದೆಡೆಗೆ ತರುವುದು ಉಚಿತವಲ್ಲವೆಂದು ಅವರ ಅಭಿಪ್ರಾಯ. ಇತ್ತ ಪೇಟೆಯಲ್ಲಿ ಕುಳಿತ ವ್ಯಾಪಾರಿಯೂ ಬೇರೊಂದು ದಾರಿಯಿಂದ ಅದೇ ನಿರ್ಣಯಕ್ಕೆ ಬಂದಿರುತ್ತಾನೆ. ಲೆಕ್ಕವೆಂದರೆ ತೆರಿಗೆಯ ಅಧಿಕಾರಿಗೆ ತೋರಿಸುವ ಸಲುವಾಗಿ ಇಡತಕ್ಕ ಕಾಗದ, ಧರ್ಮವೆಂದರೆ ಸೋಮವಾರ ಗುಡಿಗೆ ಹೋದಾಗ ನೆನೆಯತಕ್ಕ ವಸ್ತು ಎಂದು ಅವನು ತಿಳಿದಿದ್ದಾನೆ. ಹೀಗೆ ಭಕ್ತನು ಲೆಕ್ಕವನ್ನು ಧರ್ಮದ ಹೊರಗೆ ಇಡುತ್ತಾನೆ. ವ್ಯಾಪಾರಿಯು ಧರ್ಮವನ್ನು ಲೆಕ್ಕದ ಹೊರಗೆ ಇಡುತ್ತಾನೆ. ಇವರಿಬ್ಬರ ನಡುವೆ ಕೀರ್ದಿ ಪುಸ್ತಕವು ಅನಾಥವಾಗಿ ಬಿದ್ದಿರುತ್ತದೆ. ಈ ತಿಳಿವಳಿಕೆ ಸರಿಯೇ, ತಪ್ಪೇ ಎಂಬುದನ್ನು ವಿಚಾರಿಸುವುದು ಅವಶ್ಯ.

ಮೊದಲು ಒಂದು ಸಂಗತಿಯನ್ನು ನೆನೆಯಬೇಕು. ಬಾಗೇವಾಡಿಯಲ್ಲಿ ಜನಿಸಿದರೆಂದು ನಾಡು ನಂಬಿರುವ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ, ಇಂದಿನ ಸೋಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆಯಲ್ಲಿ ಹಿಡಿದ ಉದ್ಯೋಗವು ಕರಣಿಕನದು. ಅಂದರೆ ಲೆಕ್ಕ ಬರೆಯುವುದು. ಆ ಮೇಲೆ ಕಲ್ಯಾಣದಲ್ಲಿ ಅವರು ಬಿಜ್ಜಳನ ಭಂಡಾರಿಯಾದರು. ಭಕ್ತಿಭಂಡಾರಿ ಎಂಬ ಬಿರುದನ್ನು ಲೋಕವು ಅವರಿಗೆ ಕೊಟ್ಟಾಗ ಆ ಮಾತಿನಲ್ಲಿಯೇ ಅವರ ಉದ್ಯೋಗದ ನೆನಪೂ ಅಡಗಿದೆ. ಅವರ ಸುತ್ತ ನೆರೆದ ಶರಣರಲ್ಲಿ ಸುಂಕದ ಬಂಕಣ್ಣನಿದ್ದನು, ಬೊಕ್ಕಸದ ಚಿಕ್ಕಣ್ಣನಿದ್ದನು. ಸುಂಕ, ಬೊಕ್ಕಸ, ಭಂಡಾರ ಇವೆಲ್ಲ ಹಣವನ್ನು ಎಣಿಸಿ, ಬರೆದು, ಒಪ್ಪಿಸುವ ಕೆಲಸಗಳೇ. ಲೆಕ್ಕವು ಹೀನವಾದ ಕೆಲಸವೆಂದು ಆ ಮಹನೀಯರು ಭಾವಿಸಿದ್ದರೆ ತಮ್ಮ ಹೆಸರಿನೊಡನೆ ಅದನ್ನು ಇಟ್ಟುಕೊಳ್ಳುತ್ತಿರಲಿಲ್ಲ. ನೂಲುವುದು, ನೇಯುವುದು, ಹುರಿ ಹೊಸೆಯುವುದು ಹೇಗೆ ಕಾಯಕವಾಯಿತೋ ಹಾಗೆಯೇ ಬರೆಯುವುದೂ ಕಾಯಕವಾಯಿತು.

ಬಸವಣ್ಣನವರು ಅರಸನ ಭಂಡಾರದ ಹಣವನ್ನು ಜಂಗಮದಾಸೋಹಕ್ಕೆ ವೆಚ್ಚ ಮಾಡುತ್ತಿದ್ದಾರೆಂದು ಕೊಂಡೆಯರು ಬಿಜ್ಜಳನ ಕಿವಿಯೂದಿದ ಕಥೆಯನ್ನು ಪುರಾಣಗಳು ಹೇಳುತ್ತವೆ. ಅರಸನು ಲೆಕ್ಕ ಕೇಳಿದನು. ಭಂಡಾರವನ್ನು ತೆರೆದು ಎಣಿಸಿ ನೋಡಲಾಗಿ ಹಣವು ಕಡಮೆಯಾಗಿರಲಿಲ್ಲ. ಪುರಾಣಕಾರರು ಇದನ್ನು ಪವಾಡವೆಂದು ಕೊಂಡಾಡಿದರು. ಪವಾಡವನ್ನು ಒಂದು ಕ್ಷಣ ಬದಿಗಿರಿಸಿ ನೋಡಿದರೂ ಕಥೆಯ ತಿರುಳು ಹಾಗೆಯೇ ಉಳಿಯುತ್ತದೆ. ಕೇಳಿದ ಕೂಡಲೇ ಭಂಡಾರದ ಬಾಗಿಲನ್ನು ತೆರೆಯಲು ಅವರು ಸಿದ್ಧರಿದ್ದರು. ಅರಸನದು ಯಾವುದು, ತನ್ನ ದುಡಿಮೆಯದು ಯಾವುದು ಎಂಬ ಗೆರೆಯು ಅವರ ಮನಸ್ಸಿನಲ್ಲಿ ಅಳಿಸಿಹೋಗಿರಲಿಲ್ಲ. ದಾಸೋಹದಂಥ ಪುಣ್ಯಕಾರ್ಯವೂ ಪರರ ಹಣದಿಂದ ನಡೆಯಕೂಡದೆಂಬ ನಿಷ್ಠೆ ಇಲ್ಲಿದೆ. ಆ ಗೆರೆಯನ್ನು ಎಳೆದು ತೋರಿಸುವ ಸಾಧನವೇ ಲೆಕ್ಕ.

ಈ ಗೆರೆಯು ಚಿಕ್ಕ ವ್ಯಾಪಾರದಲ್ಲಿ ಹೇಗೆ ಅಳಿಸಿಹೋಗುತ್ತದೆಂಬುದನ್ನು ಒಂದು ಉದಾಹರಣೆಯಿಂದ ಕಾಣಬಹುದು. ಸಿಂದಗಿಯ ಪೇಟೆಯಲ್ಲಿ ಒಬ್ಬನ ಕಿರಾಣಿ ಅಂಗಡಿಯಿದೆಯೆಂದು ಭಾವಿಸಬಹುದು. ತಿಂಗಳ ಮೊದಲ ದಿನ ಅವನ ಅಂಗಡಿಯಲ್ಲಿ ೧,೨೦,೦೦೦ ರೂಪಾಯಿಯ ಸರಕು ಇದ್ದಿತು. ಆ ತಿಂಗಳಲ್ಲಿ ೧,೮೦,೦೦೦ ರೂಪಾಯಿಯ ಸರಕನ್ನು ಅವನು ತರಿಸಿದನು. ಅದರಲ್ಲಿ ೧,೨೦,೦೦೦ ರೂಪಾಯಿಯನ್ನು ರೋಖವಾಗಿ ಕೊಟ್ಟನು; ೬೦,೦೦೦ ರೂಪಾಯಿಯನ್ನು ಠೋಕ ವ್ಯಾಪಾರಿಗೆ ಕೊಡುವುದು ಬಾಕಿ ಉಳಿಯಿತು. ಮಾರಾಟವು ಒಟ್ಟು ೨,೧೦,೦೦೦ ರೂಪಾಯಿ ಆಯಿತು. ಅದರಲ್ಲಿ ೧,೭೦,೦೦೦ ರೂಪಾಯಿ ಕೈಗೆ ಬಂದಿತು. ೪೦,೦೦೦ ರೂಪಾಯಿ ಉದ್ರಿ ಹೋಯಿತು. ಬಾಡಿಗೆ, ದೀಪ, ಆಳಿನ ಪಗಾರ ಇತ್ಯಾದಿಗಳಿಗೆ ೧೪,೦೦೦ ರೂಪಾಯಿ ಖರ್ಚಾಯಿತು. ತಿಂಗಳ ಕೊನೆಗೆ ಅಂಗಡಿಯಲ್ಲಿ ಉಳಿದ ಸರಕು ೧,೧೫,೦೦೦ ರೂಪಾಯಿಯದು.

ಆ ರಾತ್ರಿ ಅಂಗಡಿಕಾರನು ಗಲ್ಲೆಯನ್ನು ತೆರೆದರೆ ಆ ತಿಂಗಳ ವ್ಯಾಪಾರದಿಂದ ಉಳಿದ ೩೬,೦೦೦ ರೂಪಾಯಿ ಕಾಣುತ್ತದೆ. ವ್ಯಾಪಾರ ಚೆನ್ನಾಯಿತೆಂದು ಅವನಿಗೆ ಸಂತೋಷವಾಗುತ್ತದೆ. ಆದರೆ ಲೆಕ್ಕವು ಬೇರೆ ಮಾತನ್ನು ಹೇಳುತ್ತದೆ. ಮೊದಲಿದ್ದ ಸರಕಿಗೆ ತರಿಸಿದ ಸರಕನ್ನು ಕೂಡಿಸಿ, ಉಳಿದ ಸರಕನ್ನು ಕಳೆದರೆ, ಮಾರಿಹೋದ ಸರಕಿನ ಅಸಲು ೧,೮೫,೦೦೦ ರೂಪಾಯಿ. ಮಾರಾಟದಲ್ಲಿ ಇದನ್ನು ಕಳೆದರೆ ಉಳಿಯುವುದು ೨೫,೦೦೦ ರೂಪಾಯಿ. ಖರ್ಚನ್ನೂ ಕಳೆದರೆ ೧೧,೦೦೦ ರೂಪಾಯಿ. ಆ ತಿಂಗಳಲ್ಲಿ ಅವನು ನಿಜವಾಗಿ ದುಡಿದದ್ದು ಇಷ್ಟೇ. ಗಲ್ಲೆಯಲ್ಲಿರುವ ೩೬,೦೦೦ ರೂಪಾಯಿಯು ಅವನದೆಂದು ಕಣ್ಣು ಹೇಳಿತು. ೧೧,೦೦೦ ರೂಪಾಯಿ ಮಾತ್ರ ಅವನದೆಂದು ಪುಸ್ತಕವು ಹೇಳಿತು. ಮಗಳ ಮದುವೆಗೋ ಮನೆಯ ರಿಪೇರಿಗೋ ಅವನು ಗಲ್ಲೆಯಿಂದ ೨೦,೦೦೦ ರೂಪಾಯಿ ತೆಗೆದುಕೊಂಡರೆ ೯,೦೦೦ ರೂಪಾಯಿಯಷ್ಟು ತನ್ನದಲ್ಲದ ಹಣವನ್ನು ಬಳಸಿದಂತಾಯಿತು. ಅದು ಅವನನ್ನು ನಂಬಿ ಸರಕು ಕಳಿಸಿದ ಠೋಕ ವ್ಯಾಪಾರಿಯ ಹಣ. ಅವನಿಗೆ ಸಲ್ಲಬೇಕಾದ ೬೦,೦೦೦ ರೂಪಾಯಿಯ ಎದುರಿಗೆ ಗಲ್ಲೆಯಲ್ಲಿ ಉಳಿಯುವುದು ೧೬,೦೦೦ ರೂಪಾಯಿ ಮಾತ್ರ.

ಇಲ್ಲಿ ಯಾರೂ ಕಳ್ಳತನ ಮಾಡಲಿಲ್ಲ. ಅಂಗಡಿಕಾರನು ಸಜ್ಜನನು, ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಕಪಟವಿಲ್ಲ. ಆದರೂ ಪರಧನವು ಅವನ ಮನೆಯನ್ನು ಹೊಕ್ಕಿತು. ಚಿಕ್ಕ ವ್ಯಾಪಾರಗಳು ಕೆಡುವುದು ಬಹುಮಟ್ಟಿಗೆ ಹೀಗೆಯೇ. ಒಂದು ತಿಂಗಳ ಕೊರತೆಯನ್ನು ಮುಂದಿನ ತಿಂಗಳ ಹಣ ಮುಚ್ಚುತ್ತದೆ. ಅದನ್ನು ಅದರ ಮುಂದಿನದು ಮುಚ್ಚುತ್ತದೆ. ಕಡೆಗೆ ಒಂದು ದಿನ ಮುಚ್ಚಲು ಏನೂ ಉಳಿಯದೆ ಅಂಗಡಿಯ ಬಾಗಿಲೇ ಮುಚ್ಚುತ್ತದೆ. ಆಗ ಅವನು ಕಾಲವನ್ನು ದೂರುತ್ತಾನೆ, ಗ್ರಹಗಳನ್ನು ದೂರುತ್ತಾನೆ, ಉದ್ರಿ ಒಯ್ದವರನ್ನು ದೂರುತ್ತಾನೆ. ತನ್ನದಲ್ಲದ್ದನ್ನು ತನ್ನದೆಂದು ತಿಳಿದೆನೆಂಬ ಮಾತು ಅವನಿಗೆ ಹೊಳೆಯುವುದಿಲ್ಲ. ಅದನ್ನು ಹೊಳೆಯಿಸಬಲ್ಲ ಪುಸ್ತಕವನ್ನು ಅವನು ಬರೆದೇ ಇರುವುದಿಲ್ಲ. ಬೇಕೆಂದು ಮಾಡಿದ ಅಪಹಾರಕ್ಕೂ ತಿಳಿಯದೆ ಆದ ಅಪಹಾರಕ್ಕೂ ಅಂತರವಿದೆ, ನಿಜ. ಆದರೆ ತಿಳಿಯುವ ಉಪಾಯವು ಕೈಯಲ್ಲಿದ್ದು ತಿಳಿಯದೆ ಉಳಿದವನು ಪೂರ್ಣ ನಿರ್ದೋಷಿಯೆಂದು ಹೇಳಲಾಗದು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಬಲ್ಲದವರಿಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ತಾಯಿಯು ಅದನ್ನು ನೋಡಿ, ಹೆಚ್ಚಿನ ಅಕ್ಕಿಯನ್ನು ಇದ್ದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದಳು. ಆಕೆಯ ನಿರಾಶೆಯನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಅಕ್ಕಿ ಹೆಚ್ಚಾಗಿದೆಯೆಂದು ಆಕೆಗೆ ಗೊತ್ತಾದುದು ಹೇಗೆ ಎಂಬುದನ್ನು ಕೇಳುವವರು ವಿರಳ. ಪ್ರತಿದಿನ ಬರುವುದೆಷ್ಟು, ದಾಸೋಹಕ್ಕೆ ಬೇಕಾಗುವುದೆಷ್ಟು ಎಂಬ ಪ್ರಮಾಣವು ಆಕೆಗೆ ತಿಳಿದಿದ್ದಿತು. ಪ್ರಮಾಣವನ್ನು ಬಲ್ಲವಳಾದ್ದರಿಂದಲೇ ಅತಿರೇಕವು ಕಣ್ಣಿಗೆ ಬಿದ್ದಿತು. ಅಳತೆಯಿಲ್ಲದ ಮನೆಯಲ್ಲಿ ಹೆಚ್ಚು ಯಾವುದು, ಕಡಮೆ ಯಾವುದು? ಅಲ್ಲಿ ನಿರಾಶೆಗೂ ಅವಕಾಶವಿಲ್ಲ, ಆಶೆಗೂ ತಡೆಯಿಲ್ಲ.

ಆದ್ದರಿಂದ ಅಂಗಡಿಕಾರನ ಪುಸ್ತಕದಲ್ಲಿ ಎಲ್ಲಕ್ಕಿಂತ ಮೊದಲು ಇರಬೇಕಾದ ಖಾತೆಯು ಅವನ ಸ್ವಂತ ಮನೆಖರ್ಚಿನದು. ಠೋಕ ವ್ಯಾಪಾರಿಯ ಖಾತೆಯನ್ನು ಯಾರೂ ಬಿಡುವುದಿಲ್ಲ. ಅವನು ತಗಾದೆಗೆ ಬರುತ್ತಾನೆ. ಮನೆಖರ್ಚಿಗೆ ತಗಾದೆ ಮಾಡುವವರಿಲ್ಲ. ಮಕ್ಕಳ ಶಾಲೆಯ ಶುಲ್ಕ, ಜಾತ್ರೆಯ ಬಟ್ಟೆ, ಅಂಗಡಿಯಿಂದ ಮನೆಗೆ ಒಯ್ದ ಸಕ್ಕರೆ, ಬೇಳೆ, ಎಣ್ಣೆ ಇವೆಲ್ಲ ನಮ್ಮದೇ ತಾನೆ ಎಂಬ ಒಂದೇ ಮಾತಿನಲ್ಲಿ ಬರೆಯದೆ ಹೋಗುತ್ತವೆ. ಅಂಗಡಿಯು ಬೇರೆ, ಅಂಗಡಿಕಾರನ ಮನೆ ಬೇರೆ ಎಂಬುದು ಲೆಕ್ಕಶಾಸ್ತ್ರದ ಮೊದಲ ಸೂತ್ರ. ನೀತಿಶಾಸ್ತ್ರದಲ್ಲಿಯೂ ಇದಕ್ಕೆ ದೊಡ್ಡ ಸ್ಥಾನವಿದೆ. ಗಂಡಹೆಂಡಿರು ತಿಂಗಳಿಗೊಮ್ಮೆ ಕೂಡಿ ಕುಳಿತು ಆ ಖಾತೆಯನ್ನು ಓದುವ ರೂಢಿಯಿದ್ದರೆ ಲಕ್ಕಮ್ಮ ತಾಯಿಯ ಪ್ರಶ್ನೆಯು ಆ ಮನೆಯಲ್ಲಿ ಇನ್ನೂ ಜೀವಂತವಾಗಿದೆಯೆಂದು ತಿಳಿಯಬೇಕು.

ಇನ್ನು ಉದ್ರಿಯ ವಿಷಯ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿಗಳ ಒಕ್ಕಲಿಗನಿಗೆ ತಿಂಗಳ ಪಗಾರವಿಲ್ಲ. ತೊಗರಿಯ ರಾಶಿಯಾದಾಗ, ಬಿಳಿಜೋಳದ ರಾಶಿಯಾದಾಗ ಅವನ ಕೈಗೆ ಹಣ ಬರುವುದು. ಅಲ್ಲಿಯವರೆಗೆ ಅವನು ಅಂಗಡಿಯ ಮುಂದೆ ನಿಂತು, “ಬರಕೋರಿ ಸಾವಕಾರ್ರ, ರಾಶಿ ಆದ ಮ್ಯಾಲ ಕೊಡ್ತೀವಿ” ಎನ್ನಲೇಬೇಕು. ಮಳೆ ತಪ್ಪುವ ಎರೆನೆಲದಲ್ಲಿ ಉದ್ರಿಯೆಂಬುದು ವ್ಯಾಪಾರಿಯ ಉಪಕಾರವೂ ಹೌದು, ಒಕ್ಕಲಿಗನ ಜೀವನಾಧಾರವೂ ಹೌದು. ಇಲ್ಲಿ ಕೆಲವು ದಯಾಳುಗಳು ಹೇಳುವುದುಂಟು: ಬಡವನ ಉದ್ರಿಯನ್ನು ಬರೆಯುವುದೆಂದರೆ ಅವನನ್ನು ನಂಬದಿರುವುದು, ಕೊಟ್ಟುಬಿಡಬೇಕು, ಬಂದರೆ ಬಂದಿತು, ಹೋದರೆ ಹೋಯಿತು. ಈ ಮಾತು ಕೇಳಲು ಹಿತವಾಗಿದೆ, ಪರೀಕ್ಷಿಸಿದರೆ ನಿಲ್ಲುವುದಿಲ್ಲ. ಬರೆಯದ ಉದ್ರಿಯು ಎರಡು ನೆನಪುಗಳಲ್ಲಿ ಬೇರೆಬೇರೆಯಾಗಿ ಬೆಳೆಯುತ್ತದೆ. ಕೊಟ್ಟವನ ನೆನಪಿನಲ್ಲಿ ಅದು ದೊಡ್ಡದಾಗುತ್ತದೆ. ಒಯ್ದವನ ನೆನಪಿನಲ್ಲಿ ಚಿಕ್ಕದಾಗುತ್ತದೆ. ಆರು ತಿಂಗಳ ಮೇಲೆ ಇಬ್ಬರು ಸಜ್ಜನರು ಒಬ್ಬರನ್ನೊಬ್ಬರು ಸುಳ್ಳುಗಾರರೆಂದು ತಿಳಿದು ಮಾತು ಬಿಡುತ್ತಾರೆ. ಬರೆದಿದ್ದರೆ ಸ್ನೇಹವು ಉಳಿಯುತ್ತಿತ್ತು.

ಬರೆದ ಮಾತ್ರಕ್ಕೆ ಧರ್ಮವು ಮುಗಿಯುವುದಿಲ್ಲವೆಂಬುದೂ ಅಷ್ಟೇ ಸತ್ಯ. ಯಾರು ಬರೆದರು, ಯಾರು ಓದಬಲ್ಲರು ಎಂಬುದೇ ಮುಖ್ಯ. ೧೮೭೫ನೆಯ ಇಸವಿಯ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ಆರಂಭವಾದ ದಖ್ಖಣದ ರೈತರ ದಂಗೆಯು ಈ ಪ್ರಶ್ನೆಗೆ ಕಟುವಾದ ಉತ್ತರವಾಗಿದೆ. ರೈತರು ಸಾಹುಕಾರರ ಮನೆಗಳಿಗೆ ನುಗ್ಗಿದಾಗ ಅವರು ಮುಖ್ಯವಾಗಿ ಹುಡುಕಿದ್ದು ಸಾಲಪತ್ರಗಳನ್ನು, ಲೆಕ್ಕದ ಪುಸ್ತಕಗಳನ್ನು. ಸಿಕ್ಕವುಗಳನ್ನು ಬೀದಿಯಲ್ಲಿ ಸುಟ್ಟರು. ತಮ್ಮ ಹೆಸರಿನ ಕೆಳಗೆ ಏನು ಬರೆದಿದೆಯೆಂದು ಅವರಿಗೆ ಓದಲು ಬರುತ್ತಿರಲಿಲ್ಲ. ತಮ್ಮ ಹೊಲಗಳು ಆ ಬರಹದಿಂದ ಪರರ ಪಾಲಾದುವೆಂಬುದು ಮಾತ್ರ ಗೊತ್ತಿತ್ತು. ಇದರ ತರುವಾಯ ೧೮೭೯ರಲ್ಲಿ ದಖ್ಖಣದ ವ್ಯವಸಾಯಗಾರರ ಪರಿಹಾರದ ಕಾಯಿದೆ ಬಂದಿತು. ಮೊದಲು ಅದು ಪುಣೆ, ಸಾತಾರಾ, ಅಹಮದನಗರಗಳೊಡನೆ ನೆರೆಯ ಸೋಲಾಪುರ ಜಿಲ್ಲೆಗೂ ಅನ್ವಯಿಸಿತು. ಕೊಟ್ಟ ಹಣಕ್ಕೆ ಪಾವತಿಯನ್ನೂ, ಕೇಳಿದಾಗ ಲೆಕ್ಕದ ತಖ್ತೆಯನ್ನೂ ಸಾಲಗಾರನಿಗೆ ಕೊಡಬೇಕೆಂಬ ನಿಯಮವು ಅದರಲ್ಲಿತ್ತು. ಒಬ್ಬನೇ ಬರೆದು ಒಬ್ಬನೇ ಓದುವ ಪುಸ್ತಕವು ಸಾಕ್ಷಿಯಾಗಲಾರದೆಂಬ ತತ್ತ್ವವನ್ನು ಕಾಯಿದೆಯು ಒಪ್ಪಿಕೊಂಡಿತು. ಅದನ್ನು ಒಪ್ಪಿಸಲು ಇಷ್ಟು ಬೆಂಕಿ ಬೇಕಾಯಿತೆಂಬುದು ದುಃಖದ ಸಂಗತಿ.

ಇಂದು ಅಕ್ಷರವು ಹರಡಿದೆ. ಆದರೆ ಪುಸ್ತಕದ ಅಧಿಕಾರವು ಬರೆಯುವವನ ಕೈಯಲ್ಲಿಯೇ ಇದೆ. ಇಂಡಿಯ ನಿಂಬೆಯ ತೋಟಗಾರನು ಚೀಲಗಳನ್ನು ದೂರದ ಪೇಟೆಗೆ ಕಳಿಸಿದರೆ ಅವನ ಕೈಗೆ ಮರಳಿ ಬರುವುದು ಒಂದು ಪಟ್ಟಿ. ದರ ಇಷ್ಟು, ಹಮಾಲಿ ಇಷ್ಟು, ಬಾಡಿಗೆ ಇಷ್ಟು, ಕೆಟ್ಟದ್ದು ಇಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ತೋಟಗಾರನು ಅಲ್ಲಿರಲಿಲ್ಲ, ಹರಾಜನ್ನು ಕಾಣಲಿಲ್ಲ. ಆ ಪಟ್ಟಿಯನ್ನು ಬರೆಯುವ ಗುಮಾಸ್ತನ ಕೈಯಲ್ಲಿ ಒಂದು ಸಂಸಾರದ ವರ್ಷದ ದುಡಿಮೆಯಿದೆ. ಎದುರಿಗೆ ಇಲ್ಲದವನು ಎದುರಿಗೆ ಇದ್ದಾನೆಂದು ಭಾವಿಸಿ ಬರೆಯುವುದೇ ಅವನ ಧರ್ಮ. ಹಾಗೆಯೇ ಕಿರಾಣಿಯವನೂ ಉದ್ರಿಯನ್ನು ಬರೆದ ಕೂಡಲೇ ಓದಿ ಹೇಳಬೇಕು. ಗಿರಾಕಿಯ ಕೈಯಲ್ಲಿ ಒಂದು ಚಿಕ್ಕ ಪುಸ್ತಕವಿರಿಸಿ ಅದೇ ಅಂಕಿಯನ್ನು ಅದರಲ್ಲಿಯೂ ಬರೆಯಬೇಕು. ಹಣವನ್ನು ಬಿಟ್ಟುಕೊಡುವ ಮನಸ್ಸಾದರೆ ಬರೆದ ಮೇಲೆ ಹೊಡೆದುಹಾಕಲಿ. ಬರೆಯದೆ ಬಿಟ್ಟದ್ದು ಮರೆವು. ಎಷ್ಟೆಂದು ತಿಳಿದು ಬಿಟ್ಟದ್ದು ದಯೆ. ತಿಳಿದು ಬಿಟ್ಟವನು ಅದು ತನ್ನ ಪಾಲಿನಿಂದ ಹೋಗುತ್ತಿದೆಯೇ, ಠೋಕ ವ್ಯಾಪಾರಿಯ ಪಾಲಿನಿಂದ ಹೋಗುತ್ತಿದೆಯೇ ಎಂಬುದನ್ನೂ ಬಲ್ಲವನಾಗಿರುತ್ತಾನೆ.

ಮೂರನೆಯದು ಎರಡು ಪುಸ್ತಕಗಳ ಸಮಸ್ಯೆ. ನಿಜವಾದ ಲೆಕ್ಕವು ಒಂದು, ತೋರಿಸುವ ಲೆಕ್ಕವು ಇನ್ನೊಂದು ಎಂಬ ರೂಢಿಯು ಪೇಟೆಯಲ್ಲಿ ಹೊಸದಲ್ಲ. ಎಲ್ಲರೂ ಮಾಡುತ್ತಾರೆ, ಮಾಡದಿದ್ದರೆ ಬದುಕುವುದು ಕಠಿಣ ಎಂಬ ಸಮಾಧಾನವೂ ಹೊಸದಲ್ಲ. ಈ ಸಮಾಧಾನದಲ್ಲಿ ಎಳ್ಳಷ್ಟೂ ಸತ್ಯವಿಲ್ಲವೆಂದರೆ ಅನ್ಯಾಯವಾದೀತು. ಚಿಕ್ಕ ವ್ಯಾಪಾರಿಗೆ ಕಾಯಿದೆಗಳು ಅರ್ಥವಾಗುವುದಿಲ್ಲ. ಅರ್ಥಮಾಡಿಸುವವರಿಗೆ ಕೊಡಲು ಹಣವೂ ಇರುವುದಿಲ್ಲ. ೨೦೧೭ರ ಜುಲೈ ಒಂದರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. ಸರಕು ಮಾರುವವನ ವಾರ್ಷಿಕ ವಹಿವಾಟು ೪೦ ಲಕ್ಷ ರೂಪಾಯಿಯನ್ನು ಮೀರಿದರೆ ನೋಂದಣಿ ಅಗತ್ಯವೆಂಬ ಮಿತಿಯು ೨೦೧೯ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ನಡೆದುಬಂದಿತು. ೨೦೧೬ರಲ್ಲಿ ಆರಂಭವಾದ ಯು.ಪಿ.ಐ. ಪಾವತಿಯು ಹಳ್ಳಿಯ ಚಹದ ಅಂಗಡಿಯವರೆಗೂ ಬಂದಿತು. ೨೦೨೫ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಈ ಪಾವತಿಗಳ ಮೊತ್ತವನ್ನು ಆಧರಿಸಿ ಸಾವಿರಾರು ಚಿಕ್ಕ ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ಹಾಲು, ತರಕಾರಿ ಮಾರುವವರೂ ಅದರಲ್ಲಿದ್ದರು. ಪೇಟೆಗಳಲ್ಲಿ ಕಳವಳ ಹಬ್ಬಿತು; ರೋಖ ಮಾತ್ರ ಸ್ವೀಕರಿಸಲಾಗುವುದೆಂಬ ಫಲಕಗಳು ತೂಗಿದುವು.

ಈ ಪ್ರಸಂಗದಿಂದ ಕಲಿಯತಕ್ಕ ಪಾಠವು ಎರಡೂ ಪಕ್ಷಗಳಿಗಿದೆ. ಹಣ ಬಂದುದನ್ನು ಯಂತ್ರವು ಬರೆಯುತ್ತದೆ. ಬಂದ ಹಣವು ಯಾತರದೆಂದು ಅದು ಬರೆಯುವುದಿಲ್ಲ. ತೆರಿಗೆಯಿಲ್ಲದ ತರಕಾರಿಯದೋ, ತಮ್ಮನು ಮರಳಿಸಿದ ಕೈಗಡವೋ, ಪಕ್ಕದ ಅಂಗಡಿಯವನಿಗಾಗಿ ಪಡೆದುಕೊಂಡದ್ದೋ ಎಂಬುದು ಮನುಷ್ಯನು ಬರೆದ ಕೀರ್ದಿಯಲ್ಲಿ ಮಾತ್ರ ಇರಬಲ್ಲದು. ದಿನದಿನವೂ ಬರೆದವನಿಗೆ ಆ ಪುಸ್ತಕವೇ ವಕೀಲ. ಬರೆಯದವನು ತನ್ನ ಸತ್ಯವನ್ನು ತಾನೇ ಸಿದ್ಧಮಾಡಲಾರದೆ ಹೋದನು. ಲೆಕ್ಕವು ಬಲಶಾಲಿಯ ಆಯುಧವೆಂದು ತಿಳಿದವರು ಅದು ಬಡವನ ರಕ್ಷಣೆಯೂ ಆಗಿದೆಯೆಂಬುದನ್ನು ಇಲ್ಲಿ ಕಾಣಬೇಕು. ರಾಜ್ಯಕ್ಕೂ ಇಷ್ಟೇ ಹೇಳಬೇಕಾಗಿದೆ: ಪ್ರಜೆಯಿಂದ ಲೆಕ್ಕ ಕೇಳುವವನು ತಾನು ಕೇಳುವ ಲೆಕ್ಕವನ್ನು ಪ್ರಜೆಗೆ ತಿಳಿಯುವ ನುಡಿಯಲ್ಲಿ, ಮುಂಚಿತವಾಗಿ ಹೇಳಿರಬೇಕು.

ಇನ್ನು ಬೇಕೆಂದೇ ಎರಡು ಪುಸ್ತಕ ಇಡುವವನ ಮಾತು. ಗಿರಾಕಿಯಿಂದ ತೆರಿಗೆಯೆಂದು ಪಡೆದ ಹಣವು ಗಲ್ಲೆಯಲ್ಲಿ ಬಿದ್ದ ಕ್ಷಣದಿಂದಲೇ ಅವನದಲ್ಲ, ಅದು ನ್ಯಾಸ. ಕಡಮೆ ದರದಲ್ಲಿ ಒಟ್ಟಾರೆ ತೆರಿಗೆ ಕೊಡುವ ರಾಜಿಪದ್ಧತಿಯನ್ನು ಒಪ್ಪಿದವನಿಗೆ ಗಿರಾಕಿಯಿಂದ ತೆರಿಗೆ ಪಡೆಯುವ ಅಧಿಕಾರವೇ ಇಲ್ಲ. ಇದನ್ನು ಮರೆಸುವ ಪುಸ್ತಕವನ್ನು ಬರೆದವನು ಸರಕಾರವನ್ನು ವಂಚಿಸಿದೆನೆಂದು ತಿಳಿಯುತ್ತಾನೆ. ನಿಜವಾಗಿ ನಷ್ಟವಾಗುವುದು ಹತ್ತಿರದಲ್ಲಿಯೇ. ಸುಳ್ಳು ಪುಸ್ತಕವನ್ನು ಬರೆಯುವ ಗುಮಾಸ್ತನು ಸುಳ್ಳು ಬರೆಯುವುದನ್ನು ಕಲಿಯುತ್ತಾನೆ. ಕಲಿತದ್ದನ್ನು ಒಡೆಯನ ಮೇಲೆಯೇ ಒಂದು ದಿನ ಪ್ರಯೋಗಿಸುತ್ತಾನೆ. ಅಂಗಡಿಯಲ್ಲಿ ಕುಳಿತ ಮಗನು ಅಪ್ಪನಿಗೆ ಎರಡು ಸತ್ಯಗಳಿವೆಯೆಂದು ತಿಳಿಯುತ್ತಾನೆ. ಯಾವುದನ್ನು ನಂಬಬೇಕೆಂಬುದು ಅವನಿಗೆ ಹೊಳೆಯುವುದಿಲ್ಲ. ಕೆಲವು ವರ್ಷಗಳ ಮೇಲೆ ಅಂಗಡಿಯು ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ಎಂಬುದು ಒಡೆಯನಿಗೂ ತಿಳಿಯದಂತಾಗುತ್ತದೆ. ಹೊರಗಿನವರಿಗೆ ಕತ್ತಲೆ ಮಾಡಲು ಹೋದವನು ತಾನೇ ಕತ್ತಲೆಯಲ್ಲಿ ಕುಳಿತುಕೊಳ್ಳುತ್ತಾನೆ.

ತೆರೆದ ಪುಸ್ತಕದಿಂದ ಏನು ಸಾಧ್ಯವೆಂಬುದಕ್ಕೆ ಈ ನಾಡಿನಲ್ಲಿಯೇ ನಿದರ್ಶನಗಳಿವೆ. ೧೯೦೫ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ವ್ಯವಸಾಯ ಸಹಕಾರಿ ಸಂಘವನ್ನು ಕಟ್ಟಿದರು. ಭಾರತದಲ್ಲಿ ಅಂಥ ಸಂಘಗಳಲ್ಲಿ ಅದೇ ಮೊದಲನೆಯದೆಂದು ಪ್ರಸಿದ್ಧಿ. ವಚನಗಳ ಓಲೆಗರಿಗಳನ್ನು ಮನೆಮನೆ ತಿರುಗಿ ಕೂಡಿಸಿದ ಡಾ. ಫ. ಗು. ಹಳಕಟ್ಟಿಯವರು ೧೯೧೨ರಲ್ಲಿ ವಿಜಯಪುರದಲ್ಲಿ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಯಲ್ಲಿ ಮುಂದಾಳಾದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು, ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಅವರು ಆರಂಭಿಸಿದರು. ಮುದ್ರಣಕಾರ್ಯಕ್ಕಾಗಿ ಸ್ವಂತ ಮನೆಯನ್ನು ಮಾರಿದ ಆ ಮಹನೀಯರು ೧೯೬೪ರಲ್ಲಿ ಲಿಂಗೈಕ್ಯರಾಗುವವರೆಗೂ ಬಡತನದಲ್ಲಿಯೇ ಬಾಳಿದರು. ಊರವರ ಹಣಕ್ಕೆ ಬ್ಯಾಂಕನ್ನು ಕಟ್ಟುವಲ್ಲಿ ಮುಂದಾದವರು ತಮ್ಮ ಕಾರ್ಯದ ಕೊರತೆಗೆ ಮಾರಿದ್ದು ಸ್ವಂತ ಮನೆಯನ್ನು. ಪರರದು ಎಲ್ಲಿ ಮುಗಿಯುತ್ತದೆ, ತನ್ನದು ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆಯು ಇಲ್ಲಿಯೂ ಸ್ಪಷ್ಟವಾಗಿ ಕಾಣುತ್ತದೆ. ಲೆಕ್ಕವನ್ನು ಬಲ್ಲವನು ಲೋಭಿಯಾಗಿಯೇ ಇರಬೇಕೆಂಬ ಮಾತಿಗೆ ಅವರ ಬಾಳು ಸಾಕಾದಷ್ಟು ಉತ್ತರ.

ಇಷ್ಟೆಲ್ಲವನ್ನು ಒಪ್ಪಿದ ಮೇಲೆಯೂ ಒಂದು ಸಂದೇಹ ಉಳಿಯುತ್ತದೆ. ಎಲ್ಲವನ್ನೂ ಎಣಿಸುತ್ತ ಹೋದರೆ ಮನಸ್ಸು ಎಣಿಕೆಯಲ್ಲಿಯೇ ನಿಲ್ಲದೇ? ಬರೆದು ಬರೆದು ಅಂತಃಕರಣವು ಒಣಗದೇ? ಈ ಭಯವು ನಿರಾಧಾರವಲ್ಲ. ಮಾಡಿದ ದಾನವನ್ನು ಮನಸ್ಸಿನಲ್ಲಿ ಜಮಾ ಹಾಕಿಕೊಂಡು ದೇವರಿಂದ ಬಡ್ಡಿಯನ್ನು ಬಯಸುವವರನ್ನು ಲೋಕವು ಕಂಡಿದೆ. ಅಂಥ ಎಣಿಕೆಯನ್ನು ಶರಣರು ಖಂಡಿಸಿದರು. ಆದುದರಿಂದ ಎರಡು ಎಣಿಕೆಗಳನ್ನು ಬೇರ್ಪಡಿಸಿ ತಿಳಿಯಬೇಕು. ಪರರಿಗೆ ಸಲ್ಲತಕ್ಕದ್ದನ್ನು ಎಣಿಸುವುದು ಧರ್ಮ. ತಾನು ಪರರಿಗೆ ಮಾಡಿದ ಉಪಕಾರವನ್ನು ಎಣಿಸುವುದು ಅಹಂಕಾರ. ದಾಸೋಹಕ್ಕೆ ತೆಗೆದ ಹಣವನ್ನು ಪುಸ್ತಕದಲ್ಲಿ ಖರ್ಚು ಬರೆಯಲೇಬೇಕು, ಏಕೆಂದರೆ ಅದು ಗಲ್ಲೆಯಿಂದ ಹೋಯಿತು. ಅದೇ ಹಣವನ್ನು ಮನಸ್ಸಿನಲ್ಲಿ ಜಮಾ ಬರೆಯಕೂಡದು. ಲೋಭಿಯು ಇದನ್ನು ತಿರುಗಿಸಿಬಿಡುತ್ತಾನೆ: ಕೊಡಬೇಕಾದ್ದನ್ನು ಮರೆಯುತ್ತಾನೆ, ಕೊಟ್ಟದ್ದನ್ನು ಮಾತ್ರ ನೆನೆಯುತ್ತಾನೆ.

ಈ ಮಾತು ಅಂಗಡಿಕಾರನೊಬ್ಬನಿಗೇ ಸಂಬಂಧಿಸಿದ್ದಲ್ಲ. ಪರರ ಹಣವು ಯಾರ ಕೈಯಲ್ಲಿ ಹಾದುಹೋಗುತ್ತದೆಯೋ ಅವರೆಲ್ಲರಿಗೂ ಸಲ್ಲುತ್ತದೆ. ಜಾತ್ರೆಯ ಪಟ್ಟಿ ಎತ್ತುವ ಪಂಚರಿಗೆ, ಸಂಘದ ಖಜಾಂಚಿಗೆ, ಮಠಮಾನ್ಯಗಳ ಅಧಿಕಾರಿಗಳಿಗೆ ಸಹ ಇದೇ ನಿಯಮ. ಮುದುಕಿಯೊಬ್ಬಳು ಸೆರಗಿನ ಗಂಟು ಬಿಚ್ಚಿ ಕೊಟ್ಟ ಹತ್ತು ರೂಪಾಯಿಯು ಎಲ್ಲಿ ಹೋಯಿತೆಂದು ಅವಳು ಕೇಳುವುದಿಲ್ಲ. ಕೇಳಲಾರದವಳ ಹಣಕ್ಕೆ ಲೆಕ್ಕವನ್ನು ಇನ್ನಷ್ಟು ಎಚ್ಚರದಿಂದ ಬರೆಯಬೇಕು. ಭಕ್ತರಿಗೆ ಲೆಕ್ಕದ ನೀತಿಯನ್ನು ಹೇಳುವ ಸ್ಥಾನಗಳು ತಮ್ಮ ಪುಸ್ತಕವನ್ನು ಮೊದಲು ತೆರೆದಿಟ್ಟರೆ ಆ ಬೋಧೆಗೆ ಬಲ ಬರುತ್ತದೆ.

ಹಾಗಾದರೆ ಚಿಕ್ಕ ವ್ಯಾಪಾರಿಯು ಮಾಡಬೇಕಾದ್ದೇನು? ದೊಡ್ಡ ಶಾಸ್ತ್ರವೇನೂ ಬೇಡ. ಅಂಗಡಿಯ ಬಾಗಿಲು ಹಾಕುವ ಮುನ್ನ ಅರ್ಧ ಗಳಿಗೆ ಕುಳಿತು ಅಂದು ಬಂದದ್ದು, ಹೋದದ್ದು, ಉದ್ರಿ ಕೊಟ್ಟದ್ದು, ಉದ್ರಿ ತಂದದ್ದು, ಮನೆಗೆ ಒಯ್ದದ್ದು ಈ ಐದನ್ನು ಕೀರ್ದಿಯಲ್ಲಿ ಬರೆಯಬೇಕು. ಪುಸ್ತಕದ ಶಿಲ್ಕು ಗಲ್ಲೆಯ ಹಣಕ್ಕೆ ತಾಳೆಯಾಗುತ್ತದೆಯೇ ಎಂದು ಎಣಿಸಬೇಕು. ತಾಳೆಯಾಗದಿದ್ದರೆ ಆ ರಾತ್ರಿಯೇ ಹುಡುಕಬೇಕು. ಕೀರ್ದಿಯಿಂದ ಆಯಾ ಹೆಸರಿನ ಖಾತೆಗೆ ಏರಿಸುವುದನ್ನು ವಾರ ಮೀರಿಸಬಾರದು. ತಿಂಗಳಿಗೊಮ್ಮೆ ಸರಕನ್ನು ಎಣಿಸಿ ನಿಜವಾದ ಗಳಿಕೆಯನ್ನು ತಿಳಿದು, ಅದರ ಒಳಗೇ ಮನೆಖರ್ಚನ್ನು ನಿಲ್ಲಿಸಬೇಕು. ಪುಸ್ತಕದ ಬದಲಿಗೆ ಗಣಕಯಂತ್ರವನ್ನೋ ಮೊಬೈಲನ್ನೋ ಬಳಸಿದರೂ ಬಾಧೆಯಿಲ್ಲ. ಬರೆಯುವವನ ಮನಸ್ಸು ಒಂದೇ ಆಗಿರಬೇಕು.

ದೀಪಾವಳಿಯ ಅಮಾವಾಸ್ಯೆಯಂದು ಪೇಟೆಯ ಅಂಗಡಿಗಳಲ್ಲಿ ಹೊಸ ಕೀರ್ದಿಗೆ ಅರಿಸಿನ ಕುಂಕುಮವಿಟ್ಟು, ಮೊದಲ ಪುಟದಲ್ಲಿ ಶ್ರೀಕಾರವನ್ನು ಬರೆದು ಪೂಜಿಸುವ ರೂಢಿಯಿದೆ. ೧೪೯೪ರಲ್ಲಿ ವೆನಿಸಿನಲ್ಲಿ ಅಚ್ಚಾದ ಗ್ರಂಥದಲ್ಲಿ ಜಮಾಖರ್ಚಿನ ಜೋಡುಪದ್ಧತಿಯನ್ನು ವಿವರಿಸಿದ ಲೂಕಾ ಪಾಚೋಲಿ ಎಂಬ ಕ್ರೈಸ್ತ ಸಂನ್ಯಾಸಿಯೂ ಪುಸ್ತಕವನ್ನು ದೇವರ ಹೆಸರಿನಿಂದಲೇ ಆರಂಭಿಸಬೇಕೆಂದನು. ದೂರದೂರದ ಎರಡು ನಾಡುಗಳ ವ್ಯಾಪಾರಿಗಳಿಗೆ ಒಂದೇ ಭಾವನೆ ಹೊಳೆದುದು ವಿಚಾರಯೋಗ್ಯ. ಕಾಲವು ಬಹಳಷ್ಟನ್ನು ಬದಲಿಸಿತು. ೧೯೫೭ರ ಏಪ್ರಿಲ್‌ನಲ್ಲಿ ಆಣೆ ಪೈಗಳು ಹೋಗಿ ನಯಾಪೈಸೆ ಬಂದಿತು. ೧೯೮೯ರಿಂದ ತೆರಿಗೆಯ ವರ್ಷವು ಎಲ್ಲರಿಗೂ ಏಪ್ರಿಲ್ ಒಂದಕ್ಕೇ ಆರಂಭವಾಗತೊಡಗಿತು. ದೀಪಾವಳಿಯ ಪುಸ್ತಕವು ಪೂಜೆಗೆ ಮಾತ್ರ ಉಳಿಯಿತೆಂದು ಕೆಲವರು ನಕ್ಕರು. ಪೂಜೆಯು ಉಳಿದದ್ದು ಒಳ್ಳೆಯದೇ ಆಯಿತು. ಆದರೆ ಅಂದು ಪೂಜಿಸುವುದು ಖಾಲಿ ಪುಸ್ತಕವನ್ನು. ಅದರಲ್ಲಿ ಇನ್ನೂ ತಪ್ಪಿಲ್ಲ, ಸುಳ್ಳಿಲ್ಲ. ವರ್ಷದ ಕೊನೆಗೆ ತುಂಬಿದ ಅದೇ ಪುಸ್ತಕವನ್ನು ಅದೇ ದೇವರ ಮುಂದೆ, ಠೋಕ ವ್ಯಾಪಾರಿಯ ಮುಂದೆ, ಉದ್ರಿ ಒಯ್ದ ಒಕ್ಕಲಿಗನ ಮುಂದೆ, ಮನೆಯ ಮಡದಿಮಕ್ಕಳ ಮುಂದೆ ಅಂಜದೆ ತೆರೆದಿಡುವಂತಾದರೆ ಆ ಅಂಗಡಿಕಾರನ ಕೆಲಸವು ಕಾಯಕವೆಂಬ ಹೆಸರಿಗೆ ಅರ್ಹವಾಗುತ್ತದೆ.